ಗುತ್ತಿಗೆ ನೆಲದ ಮೇಲೊಂದು ದೇಶ

ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಿಗೆ ಊರು ಬಿಟ್ಟವರ ಕತೆ ಹೊಸದಲ್ಲ. ಕಾವೇರಿ ಉಕ್ಕಿ ಎಡತೊರೆಗೆ ನುಗ್ಗಿದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಲ್ಪ ದೂರದಲ್ಲಿ ಹೊಸ ಪಟ್ಟಣ ಕಟ್ಟಿದರು. ಅದೇ ಇಂದಿನ ಕೃಷ್ಣರಾಜನಗರ. ಬೀಚನಹಳ್ಳಿಯಲ್ಲಿ ಕಬಿನಿಗೆ ಅಣೆಕಟ್ಟು ಎದ್ದಾಗ ಹೆಗ್ಗಡದೇವನಕೋಟೆಯ ಹಳ್ಳಿಗಳು ನೀರಿನಡಿ ಹೋದವು. ನಾಗರಹೊಳೆಯ ಹಾಡಿಗಳಿಂದ ಜೇನುಕುರುಬರು, ಬೆಟ್ಟಕುರುಬರು, ಯರವರು ಹೊರಬಿದ್ದರು. ಇವರೆಲ್ಲ ಇಲ್ಲಿನವರೇ. ಇವರ ನಡುವೆ 1960ರ ಕೊನೆಗೆ ಹಿಮಾಲಯದ ಆಚೆಯಿಂದ ಬಂದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಕಾಡಂಚಿನಲ್ಲಿ ಗುಡಾರ ಹಾಕಿದವರು ಮಾತ್ರ ಬೇರೆ. ಅವರು ಕಳೆದುಕೊಂಡದ್ದು ಹೊಲಮನೆಯನ್ನಷ್ಟೇ ಅಲ್ಲ, ಇಡೀ ದೇಶವನ್ನು.

ಚೀನಾದ ಸೈನ್ಯ ಟಿಬೆಟ್ಟಿನ ಪೂರ್ವಗಡಿ ದಾಟಿ ಛಾಮ್ಡೊ ಹಿಡಿದದ್ದು 1950ರ ಅಕ್ಟೋಬರಿನಲ್ಲಿ. ಮರುವರ್ಷದ ಮೇ 23ರಂದು ಬೀಜಿಂಗಿನಲ್ಲಿ ಹದಿನೇಳು ಅಂಶಗಳ ಒಪ್ಪಂದಕ್ಕೆ ಟಿಬೆಟ್ಟಿನ ಪ್ರತಿನಿಧಿಗಳಿಂದ ಸಹಿ ಹಾಕಿಸಿಕೊಂಡರು. ಎಂಟು ವರ್ಷ ಹೇಗೋ ಎಳೆದಾಡಿಕೊಂಡು ನಡೆದ ಆ ವ್ಯವಸ್ಥೆ 1959ರ ಮಾರ್ಚ್ 10ರಂದು ಲ್ಹಾಸಾದ ಬೀದಿಗಳಲ್ಲಿ ಮುರಿದುಬಿತ್ತು. ಮಾರ್ಚ್ 17ರ ರಾತ್ರಿ, ಇನ್ನೂ ಇಪ್ಪತ್ಮೂರರ ಹರೆಯದ ದಲೈ ಲಾಮಾ ಸಿಪಾಯಿಯ ವೇಷದಲ್ಲಿ ನೊರ್ಬುಲಿಂಗ್ಕಾ ಅರಮನೆಯಿಂದ ಹೊರಬಿದ್ದರು. ತಿಂಗಳ ಕೊನೆಯ ದಿನ ತವಾಂಗ್ ಕಡೆಯಿಂದ ಭಾರತದ ನೆಲಕ್ಕೆ ಕಾಲಿಟ್ಟರು. ಅವರ ಬೆನ್ನಿಗೆ ಬಂದವರು ಸುಮಾರು 80,000 ಮಂದಿ.

ಆ ಎಂಬತ್ತು ಸಾವಿರ ಜನರಿಗೆ ಭಾರತ ಮೊದಲು ಕೊಟ್ಟ ಕೆಲಸ ರಸ್ತೆ ಕಡಿಯುವುದು. ಸಿಕ್ಕಿಂ, ಹಿಮಾಚಲದ ಬೆಟ್ಟಗಳಲ್ಲಿ ಸನ್ಯಾಸಿ, ಜಮೀನುದಾರ, ದನಗಾಹಿ ಎಂಬ ಭೇದವಿಲ್ಲದೆ ಎಲ್ಲರೂ ಜಲ್ಲಿ ಒಡೆದರು. ಕಲ್ಲು ಉರುಳಿ ಸತ್ತವರಿದ್ದರು. ಕ್ಷಯದಲ್ಲಿ ಸತ್ತವರು ಇನ್ನೂ ಹೆಚ್ಚು. ಹೀಗೇ ಬಿಟ್ಟರೆ ಈ ಜನ ಚದುರಿ ಹೋಗುತ್ತಾರೆ, ಮುಂದಿನ ತಲೆಮಾರಿಗೆ ತಮ್ಮ ಭಾಷೆಯೂ ಉಳಿಯುವುದಿಲ್ಲ ಎಂಬುದು ದಲೈ ಲಾಮಾ ಅವರ ಆತಂಕ. ನೆಹರೂ ಅವರಿಗೂ ಅದು ಅರ್ಥವಾಗಿತ್ತು. ಟಿಬೆಟ್ಟಿನ ರಾಜಕೀಯ ಬೇಡಿಕೆಗೆ ಅವರು ಬೆಂಬಲ ಕೊಡಲಿಲ್ಲ. ಆದರೆ ಈ ಜನರನ್ನು ಒಟ್ಟಾಗಿ ಒಂದೇ ಕಡೆ ನೆಲೆಗೊಳಿಸಬೇಕು, ಮಕ್ಕಳಿಗೆ ಅವರದೇ ಶಾಲೆ ಬೇಕು ಎಂಬ ಎರಡು ಮಾತನ್ನು ಒಪ್ಪಿ, ಜಾಗ ಕೊಡುವಂತೆ ರಾಜ್ಯಗಳನ್ನು ಕೇಳಿದರು. ಮೊದಲು ಕೈ ಎತ್ತಿದ್ದು ಮೈಸೂರು ರಾಜ್ಯ. ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡನ್ನು ಗುತ್ತಿಗೆಗೆ ಕೊಟ್ಟಿತು.

ಟಿಬೆಟನ್ನರು ಈ ಉಪಕಾರವನ್ನು ನೆನೆಯುವಾಗ ಎಸ್. ನಿಜಲಿಂಗಪ್ಪನವರ ಹೆಸರನ್ನು ಹೇಳುತ್ತಾರೆ. ದಲೈ ಲಾಮಾ 1956ರಲ್ಲಿ ಭಾರತಕ್ಕೆ ಬಂದಾಗಲೇ ಇಬ್ಬರಿಗೂ ಪರಿಚಯವಾಗಿತ್ತು. ನಿಜಲಿಂಗಪ್ಪನವರ ಕಾಳಜಿಯ ಬಗ್ಗೆ ಸಂಶಯ ಬೇಡ. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡದಲ್ಲಿ ದೊಡ್ಡ ಶಿಬಿರ ಎದ್ದದ್ದು ಅವರ ಆಡಳಿತದಲ್ಲೇ. ಆದರೆ ಬೈಲಕುಪ್ಪೆಗೆ ಮೊದಲ ತಂಡ ಬಂದಿಳಿದಾಗ ಮುಖ್ಯಮಂತ್ರಿಯ ಕುರ್ಚಿಯಲ್ಲಿದ್ದವರು ಜಮಖಂಡಿಯ ಬಿ.ಡಿ. ಜತ್ತಿ. 1958ರ ಮೇ ತಿಂಗಳಿಂದ 1962ರ ಮಾರ್ಚ್‌ವರೆಗೆ ರಾಜ್ಯ ಅವರ ಕೈಯಲ್ಲಿತ್ತು. ಮುಂದೆ ಉಪರಾಷ್ಟ್ರಪತಿಯೂ ಆದ ಜತ್ತಿಯವರನ್ನು ಈ ಕತೆಯಲ್ಲಿ ಯಾರೂ ನೆನೆಯುವುದಿಲ್ಲ. ಅವರ ಪಾಲಿನ ಒಂದು ಸಾಲು ಇಲ್ಲಿರಲಿ.

ಲ್ಹಾಸಾ ಇರುವುದು ಸಮುದ್ರಮಟ್ಟದಿಂದ 3,600 ಮೀಟರಿಗೂ ಎತ್ತರದಲ್ಲಿ. ಬೈಲಕುಪ್ಪೆಯ ಎತ್ತರ ಅದರ ಕಾಲು ಭಾಗವೂ ಇಲ್ಲ. ಯಾಕ್ ಉಣ್ಣೆಯ ದಪ್ಪ ಬಟ್ಟೆ ತೊಟ್ಟು, ಬಾರ್ಲಿ ಹಿಟ್ಟು ತಿಂದು ಬೆಳೆದವರು ಮಾವು ಹೂಬಿಡುವ ಸೀಮೆಗೆ ಬಂದರು. ಆನೆಯನ್ನು ಮಠದ ಗೋಡೆಯ ಚಿತ್ರಗಳಲ್ಲಿ ಕಂಡಿದ್ದವರೇ ಹೆಚ್ಚು. ಇಲ್ಲಿ ಅದು ರಾತ್ರಿ ಗುಡಾರದ ಹತ್ತಿರ ಬಂದು ನಿಲ್ಲುತ್ತಿತ್ತು. ಹಗಲೆಲ್ಲ ಮರ ಕಡಿದು, ಬೇರು ಕಿತ್ತು, ರಾಶಿ ಹಾಕಿ ಸುಡುವುದು. ಮೇಲೆ ಬಿಸಿಲು, ಎದುರಿಗೆ ಬೆಂಕಿ. ಆ ದಿನಗಳಲ್ಲಿ ಬಿದಿರು ತಡಿಕೆಯ ಬಿಡಾರದಲ್ಲಿ ಉಳಿದುಕೊಂಡು ಹೋದ ದಲೈ ಲಾಮಾ, ಕಪ್ಪಾಗಿ ಬಡಕಲಾಗಿದ್ದ ತಮ್ಮ ಜನರನ್ನು ಕಂಡು ಮರುಗಿದ್ದನ್ನು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಇನ್ನು ಒಂದೆರಡು ವರ್ಷ, ಆಮೇಲೆ ಊರಿಗೆ ವಾಪಸು ಎಂದು ನಂಬಿದ್ದವರಿಗೆ ಇಲ್ಲಿ ಬಾವಿ ತೋಡು, ಮನೆ ಕಟ್ಟು ಎನ್ನುವುದೇ ಕಷ್ಟದ ಮಾತಾಗಿತ್ತು. ಗಟ್ಟಿ ಮನೆ ಕಟ್ಟುವುದೆಂದರೆ ವಾಪಸು ಹೋಗುವ ಆಸೆ ಬಿಟ್ಟಂತೆ ಎಂದು ಹಿರಿಯರು ಹಿಂಜರಿದರು.

ತಲೆಗೆ ಒಂದು ಎಕರೆಯ ಲೆಕ್ಕದಲ್ಲಿ ಹೊಲ ಹಂಚಿದರು. ಪಕ್ಕದ ಕೆ.ಆರ್. ನಗರದಂತೆ ನಾಲೆ ನೀರಿನ ಗದ್ದೆ ಇಲ್ಲಿಲ್ಲ. ಮಳೆ ನಂಬಿದ ಖುಷ್ಕಿ ಭೂಮಿ. ಬಾರ್ಲಿಯ ಜಾಗಕ್ಕೆ ಮುಸುಕಿನ ಜೋಳ ಬಂತು. ಅದನ್ನು ಇವರಿಗೆ ಕಲಿಸಿದ ಮೇಷ್ಟ್ರುಗಳಲ್ಲಿ ಸುತ್ತಲ ಹಳ್ಳಿಯ ಒಕ್ಕಲಿಗರೂ ಕೂಲಿಕಾರರೂ ಇದ್ದರು. ಬೀಜ, ಗೊಬ್ಬರ, ಟ್ರ್ಯಾಕ್ಟರು, ಮಾರಾಟ ಎಲ್ಲವೂ ಸಹಕಾರ ಸಂಘದ ಮೂಲಕ. ವಿದೇಶಿ ನೆರವು ಸಾಕಷ್ಟು ಬಂತು, ನಿಜ. ಆದರೆ ಆ ಹಣ ಮನೆಮನೆಗೆ ಹಂಚಿ ಕರಗದೆ ಸಂಘದಲ್ಲಿ ನಿಂತದ್ದೇ ಶಿಬಿರ ಬದುಕಿಕೊಂಡ ಗುಟ್ಟು. ಬೆಳೆ ಕುಯಿದ ಮೇಲೆ ಇನ್ನೊಂದು ಸುಗ್ಗಿ: ಲೂಧಿಯಾನದ ಸ್ವೆಟರುಗಳನ್ನು ತಂದು ಚಳಿಗಾಲದ ನಾಲ್ಕು ತಿಂಗಳು ಊರೂರ ಫುಟ್‌ಪಾತಿನಲ್ಲಿ ಮಾರುವುದು. ಕನ್ನಡ ನಾಡಿನ ಎಷ್ಟೋ ಮನೆಗಳಿಗೆ ಟಿಬೆಟ್ಟಿನ ಪರಿಚಯವಾದದ್ದೇ ಒಂದು ಸ್ವೆಟರಿನ ಚೌಕಾಸಿಯಲ್ಲಿ.

ಈ ಪುನರ್ವಸತಿಯ ಒಂದು ಉಪಕತೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಹೊಸದಾಗಿ ಬರುತ್ತಿದ್ದ ಟಿಬೆಟನ್ನರನ್ನು ನೆಲೆಗೊಳಿಸುವ ಕೆಲಸಕ್ಕೆಂದೇ 1968ರಲ್ಲಿ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಹುಟ್ಟಿತು. ಅದರ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಕೂಡಿಸಿ ಜನ ಅದನ್ನು ಮೈರಾಡ ಎಂದರು. ಟಿಬೆಟನ್ನರ ಕೆಲಸ ಮುಗಿಯುತ್ತಾ ಬಂದ ಮೇಲೆ ಎಂಬತ್ತರ ದಶಕದಲ್ಲಿ ಸಂಸ್ಥೆ ಕರ್ನಾಟಕದ ಬಡ ಹಳ್ಳಿಗಳತ್ತ ತಿರುಗಿತು, ಎಚ್.ಡಿ. ಕೋಟೆಯೂ ಅದರ ಕಾರ್ಯಕ್ಷೇತ್ರವಾಯಿತು. ಹತ್ತು ಹದಿನೈದು ಮಂದಿ ಗುಂಪುಗೂಡಿ ಉಳಿತಾಯ ಮಾಡಿ ತಮ್ಮೊಳಗೇ ಸಾಲ ಕೊಡುವ ಸ್ವಸಹಾಯ ಸಂಘದ ಪ್ರಯೋಗ ಅಲ್ಲಿ ಬೆಳೆಯಿತು. ನಬಾರ್ಡ್ 1987ರಲ್ಲಿ ಅದಕ್ಕೆ ಹಣ ಒದಗಿಸಿತು. 1992ರಲ್ಲಿ ಬ್ಯಾಂಕುಗಳನ್ನು ಜೋಡಿಸಿ ದೇಶಕ್ಕೆಲ್ಲ ಹರಡಿತು. ಇವತ್ತು ನಮ್ಮ ಹಳ್ಳಿಯ ಹೆಂಗಸರು ವಾರಕ್ಕೊಮ್ಮೆ ಸಂಘಕ್ಕೆ ಕಟ್ಟುವ ಹಣದ ವಂಶಾವಳಿ ಹುಡುಕಿಕೊಂಡು ಹೋದರೆ ಒಂದು ಬೇರು ಬೈಲಕುಪ್ಪೆಯ ಜೋಳದ ಹೊಲಕ್ಕೆ ಮುಟ್ಟುತ್ತದೆ.

ರೈತರು ಮೊದಲು ಬಂದರು, ಮಠಗಳು ಆಮೇಲೆ. ಖಾಮ್ ಪ್ರಾಂತದ ಪಲ್ಯೂಲ್ ಮಠದಿಂದ ಹೊರಟ ಪೆನೋರ್ ರಿಂಪೋಚೆಯವರ ಜೊತೆ ಸುಮಾರು 300 ಜನರಿದ್ದರು, ಭಾರತ ಮುಟ್ಟಿದವರು ಮೂವತ್ತರಷ್ಟು ಎಂದು ಅವರ ಮಠದವರು ಹೇಳುತ್ತಾರೆ. 1963ರಲ್ಲಿ ಬೈಲಕುಪ್ಪೆಗೆ ಬಂದ ಅವರು ಬೆರಳೆಣಿಕೆಯ ಸನ್ಯಾಸಿಗಳೊಂದಿಗೆ ಬಿದಿರಿನ ಗುಡಿ ಕಟ್ಟಿಕೊಂಡರು. ಅದೇ ನಾಮ್‌ಡ್ರೋಲಿಂಗ್. 1999ರಲ್ಲಿ ಅಲ್ಲಿ ಉದ್ಘಾಟನೆಯಾದ ದೇವಾಲಯದಲ್ಲಿ ಬುದ್ಧ, ಪದ್ಮಸಂಭವ, ಅಮಿತಾಯುಸ್ ವಿಗ್ರಹಗಳು ಅರವತ್ತು ಅಡಿಯ ಆಸುಪಾಸಿನವು. ಮಡಿಕೇರಿಗೆ ಹೊರಟ ಪ್ರವಾಸಿಗಳು ಗೋಲ್ಡನ್ ಟೆಂಪಲ್ ಎಂದು ಬಸ್ಸು ನಿಲ್ಲಿಸಿ ಫೋಟೊ ಹೊಡೆದುಕೊಂಡು ಹೋಗುವುದು ಇಲ್ಲೇ. ಬಹಳ ಮಂದಿಗೆ ಬೈಲಕುಪ್ಪೆ ಎಂದರೆ ಅಷ್ಟೇ. ಇದು ನನ್ನ ಮಟ್ಟಿಗೆ ಬೇಸರದ ಸಂಗತಿ, ಏಕೆಂದರೆ ಅಲ್ಲಿಂದ ಸ್ವಲ್ಪ ದೂರದಲ್ಲೇ ಇನ್ನೂ ದೊಡ್ಡ ಕತೆಯಿದೆ.

ಲ್ಹಾಸಾದ ಸೆರಾ ಮಠ ಸ್ಥಾಪನೆಯಾದದ್ದು 1419ರಲ್ಲಿ. ನಮ್ಮಲ್ಲಿ ಆಗ ವಿಜಯನಗರದ ಸಂಗಮರು ಆಳುತ್ತಿದ್ದರು. ತರ್ಕವನ್ನು ಚಪ್ಪಾಳೆ ಹೊಡೆದು ಬೀದಿಜಗಳದ ಹುರುಪಿನಲ್ಲಿ ನಡೆಸುವ ವಿದ್ಯಾಪೀಠ ಅದು. 1959ರಲ್ಲಿ ಗುಂಡಿನ ದಾಳಿಗೆ ಸಿಕ್ಕಿ ಅಲ್ಲಿಂದ ಓಡಿಬಂದವರನ್ನು, ಇತರ ಮಠಗಳವರ ಜೊತೆ, ಪಶ್ಚಿಮ ಬಂಗಾಳದ ಬಕ್ಸಾ ಕೋಟೆಯಲ್ಲಿ ಇರಿಸಿದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ. ಸುಮಾರು 1,500 ಸನ್ಯಾಸಿಗಳು ಅಲ್ಲಿ ಹತ್ತು ವರ್ಷ ಓದಿದರು, ವಾದಿಸಿದರು, ಕ್ಷಯಕ್ಕೆ ಸಿಕ್ಕಿ ಸತ್ತರು. 1970ರ ಸುಮಾರಿಗೆ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳವರು ಮುಂಡಗೋಡಕ್ಕೆ ಹೋದರು. ಸೆರಾದ ಮುನ್ನೂರರಷ್ಟು ಮಂದಿ ಬೈಲಕುಪ್ಪೆಗೆ ಬಂದರು. ತತ್ವಶಾಸ್ತ್ರದ ಪಂಡಿತರು ಬೆಳಗ್ಗೆ ನೇಗಿಲು ಹಿಡಿದು ಸಂಜೆ ಗ್ರಂಥ ಹಿಡಿದರು. ಮುಂದಿನ ಮೂವತ್ತು ವರ್ಷಗಳಲ್ಲಿ ಮುನ್ನೂರು ಸಾವಿರಾರಾಯಿತು. 1447ರಲ್ಲಿ ಮೊದಲ ದಲೈ ಲಾಮಾ ಶಿಗಾತ್ಸೆಯಲ್ಲಿ ಕಟ್ಟಿದ ಟಾಶಿ ಲ್ಹುನ್ಪೊ ಮಠವೂ 1972ರಲ್ಲಿ ಇಲ್ಲೇ ಮತ್ತೆ ತಲೆಯೆತ್ತಿತು. ಹೀಗೆ ಮಧ್ಯ ಏಷ್ಯಾದ ವಿದ್ಯಾಕೇಂದ್ರಗಳು ಒಂದೊಂದಾಗಿ ಹೊಗೆಸೊಪ್ಪಿನ ತಾಲ್ಲೂಕಿಗೆ ವಿಳಾಸ ಬದಲಿಸಿಕೊಂಡವು.

ಬೈಲಕುಪ್ಪೆಯ ಎರಡನೆಯ ವಸತಿ ಡಿಕ್ಯಿ ಲಾರ್ಸೊ 1969ರಲ್ಲಿ ಆಯಿತು. ಮೂರು ವರ್ಷ ಬಿಟ್ಟು ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್ಗೇಲಿಂಗ್. 1433ರಷ್ಟು ಹಳೆಯದಾದ ಗ್ಯುಮೆ ತಂತ್ರವಿದ್ಯಾ ಮಠ ಹಿಮಾಚಲದ ಡಾಲ್‌ಹೌಸಿಯಿಂದ ಅಲ್ಲಿಗೆ ಬಂತು. ಒಂದೇ ಕಂಠದಿಂದ ಏಕಕಾಲಕ್ಕೆ ಎರಡು ಮೂರು ಸ್ವರ ಹೊರಡಿಸುವ ಮಂತ್ರಪಠಣಕ್ಕೆ ಈ ಮಠ ಲೋಕಪ್ರಸಿದ್ಧ.

1972 ಎಂಬ ಇಸವಿಯ ಹತ್ತಿರ ಸ್ವಲ್ಪ ನಿಲ್ಲಬೇಕು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾದ ವರ್ಷ ಅದು. ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ವರ್ಷವೂ ಅದೇ. ಎರಡು ವರ್ಷದ ಮೇಲೆ ಅರಸರ ಭೂಸುಧಾರಣೆ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ಕಬಿನಿ ಅಣೆಕಟ್ಟು ಮುಗಿದದ್ದೂ 1974ರಲ್ಲಿ. ಅದೇ ದಶಕದಲ್ಲಿ ನಾಗರಹೊಳೆಯ ಹಾಡಿಗಳಿಂದ ಆದಿವಾಸಿಗಳನ್ನು ಹೊರಗೆ ಕಳಿಸುವ ಕೆಲಸ ಬಿರುಸಾಯಿತು. ಹೊರಗಿನಿಂದ ಬಂದವರಿಗೆ ಎಕರೆ ಲೆಕ್ಕದಲ್ಲಿ ನೆಲ, ಶಾಲೆ, ಆಸ್ಪತ್ರೆ, ಸಹಕಾರ ಸಂಘ. ತಲೆತಲಾಂತರದಿಂದ ಕಾಡಿನಲ್ಲಿದ್ದವರಿಗೆ ಕೊಡಗಿನ ಕಾಫಿ ತೋಟದ ಲೈನ್‌ಮನೆ. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಾಗ ನಾಗರಹೊಳೆಯಿಂದ ಹೀಗೆ ಚದುರಿದ 3,418 ಕುಟುಂಬಗಳ ಲೆಕ್ಕ ಸಿಕ್ಕಿತು. ಇದನ್ನು ಟಿಬೆಟನ್ನರ ಮೇಲಿನ ದೂರಾಗಿ ಬಳಸುವವರಿದ್ದಾರೆ, ಅದು ತಪ್ಪು. ಒಂದು ಜನರನ್ನು ಒಟ್ಟಾಗಿ ಇಡಬೇಕು, ಅವರ ನಾಯಕರ ಮಾತು ಕೇಳಬೇಕು, ದುಡ್ಡು ಅವರದೇ ಸಂಘದ ಮೂಲಕ ಹೋಗಬೇಕು ಎಂಬುದು ಸರ್ಕಾರಕ್ಕೆ 1960ರಲ್ಲೇ ಗೊತ್ತಿತ್ತು. ಪಕ್ಕದ ಕಾಡಿನವರ ವಿಷಯದಲ್ಲಿ ಅದು ಆ ತಿಳಿವಳಿಕೆಯನ್ನು ಬಳಸಲಿಲ್ಲ. ದೂರು ಸಲ್ಲಬೇಕಾದದ್ದು ಅಲ್ಲಿಗೆ.

ದೇಶವಿಲ್ಲದ ಜನ ಎಂದಾಗ ಲೋಕಕ್ಕೆ ಮೊದಲು ನೆನಪಾಗುವವರು ಕುರ್ದರು. ಮೂರು ಕೋಟಿಯ ಆಸುಪಾಸಿನಲ್ಲಿರುವ ಅವರಿಗೆ 1920ರ ಸೆವ್ರ್ ಒಪ್ಪಂದ ಸ್ವಂತ ನಾಡಿನ ಆಸೆ ತೋರಿಸಿತು. ಮೂರೇ ವರ್ಷದಲ್ಲಿ ಲೊಸಾನ್ ಒಪ್ಪಂದ ಅದನ್ನು ಅಳಿಸಿಹಾಕಿತು. ಟರ್ಕಿ, ಇರಾಕ್, ಇರಾನ್, ಸಿರಿಯಾಗಳಲ್ಲಿ ಹಂಚಿಹೋದ ಅವರು ಇಂದಿಗೂ ತಮ್ಮ ಬೆಟ್ಟಗಳಲ್ಲೇ ಇದ್ದಾರೆ, ಆದರೆ ಎಲ್ಲರೂ ಒಪ್ಪುವ ಒಬ್ಬ ನಾಯಕ, ಒಂದು ಪಕ್ಷ ಅವರಿಗಿಲ್ಲ. ಟಿಬೆಟನ್ನರ ಸ್ಥಿತಿ ತಿರುವುಮುರುವು. ದೇಶ ಬಿಟ್ಟು ಬಂದವರಿಗೆ ಕಾಲಡಿಯ ನೆಲವಿಲ್ಲ. ಸರ್ಕಾರ, ಸಂಸತ್ತು, ಚುನಾವಣೆ, ಗುರು ಎಲ್ಲವೂ ಇವೆ. 1960ರ ಸೆಪ್ಟೆಂಬರಿನಲ್ಲೇ, ಬೈಲಕುಪ್ಪೆಯಲ್ಲಿ ಮರ ಬೀಳುವ ಮೊದಲೇ, ಅವರ ಜನಪ್ರತಿನಿಧಿ ಸಭೆ ಪ್ರಮಾಣವಚನ ತೆಗೆದುಕೊಂಡಿತ್ತು. 2011ರಲ್ಲಿ ದಲೈ ಲಾಮಾ ರಾಜಕೀಯ ಅಧಿಕಾರವನ್ನು ತಾವಾಗಿಯೇ ಚುನಾಯಿತ ನಾಯಕನಿಗೆ ಬಿಟ್ಟುಕೊಟ್ಟರು. ಸಿಕ್ಯೋಂಗ್ ಎಂಬ ಆ ಹುದ್ದೆಗೆ 2021ರ ಚುನಾವಣೆಯಲ್ಲಿ ಗೆದ್ದ ಪೆನ್ಪಾ ಟ್ಸೆರಿಂಗ್ ಟಿಬೆಟ್ಟನ್ನು ನೋಡಿ ಬೆಳೆದವರಲ್ಲ. 1967ರಲ್ಲಿ ಬೈಲಕುಪ್ಪೆಯಲ್ಲಿ ಹುಟ್ಟಿ, ಅಲ್ಲಿನ ಶಾಲೆಯಲ್ಲೇ ಓದಿ, ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿತವರು. ಮೈಸೂರು ಜಿಲ್ಲೆ ರಾಜ್ಯಕ್ಕೆ ಮುಖ್ಯಮಂತ್ರಿಗಳನ್ನು ಕೊಟ್ಟದ್ದನ್ನು ಹೇಳಿಕೊಳ್ಳುವ ನಾವು ಇದನ್ನೂ ಲೆಕ್ಕಕ್ಕೆ ಹಿಡಿಯಬಹುದು.

ಶಿಬಿರದ ಒಳಗೆ ಎಲ್ಲರದೂ ಒಂದೇ ಮಾತು ಎಂದುಕೊಳ್ಳಬಾರದು. ಚೀನಾದೊಳಗೇ ನಿಜವಾದ ಸ್ವಾಯತ್ತತೆ ಸಾಕು ಎನ್ನುವುದು ದಲೈ ಲಾಮಾ ಅವರ ಮಧ್ಯಮ ಮಾರ್ಗ. ಪೂರ್ಣ ಸ್ವಾತಂತ್ರ್ಯವೇ ಬೇಕು ಎನ್ನುವ ದನಿ 1970ರಲ್ಲಿ ಹುಟ್ಟಿದ ಟಿಬೆಟನ್ ಯೂತ್ ಕಾಂಗ್ರೆಸ್ಸಿನದು. ಪ್ರತಿ ಮಾರ್ಚ್ 10ರ ಮೆರವಣಿಗೆಯಲ್ಲಿ ಎರಡೂ ಕಡೆಯವರು ಒಂದೇ ಸಿಂಹದ ಬಾವುಟ ಹಿಡಿದು ನಡೆಯುತ್ತಾರೆ. ಧರ್ಮದಲ್ಲೂ ಬಿರುಕಿದೆ. ದೋರ್ಜೆ ಶುಗ್ಡೆನ್ ಎಂಬ ದೈವದ ಆರಾಧನೆ ಬೇಡವೆಂದು ದಲೈ ಲಾಮಾ ಹೇಳಿದ ಮೇಲೆ 2008ರಲ್ಲಿ ಸೆರಾ ಮೇ ಕಾಲೇಜಿನ ಒಂದು ಬಣ ಹೊರಬಿದ್ದು ಬೈಲಕುಪ್ಪೆಯಲ್ಲೇ ಸೆರ್ಪೊಮ್ ಎಂಬ ಬೇರೆ ಮಠ ಮಾಡಿಕೊಂಡಿತು. ಊಟ, ಪೂಜೆ, ಕೊಡುಕೊಳ್ಳುವಿಕೆ ಎಲ್ಲದರಲ್ಲೂ ಬೇರೆಯಾದ ನೋವು ಅದು. ಇನ್ನು ಟಾಶಿ ಲ್ಹುನ್ಪೊದ ಪೀಠಾಧಿಪತಿ ಪಂಚೆನ್ ಲಾಮಾ. 1995ರ ಮೇ 14ರಂದು ಆರು ವರ್ಷದ ಗೆಧುನ್ ಛೋಕ್ಯಿ ನ್ಯಿಮಾ ಎಂಬ ಹುಡುಗನನ್ನು ದಲೈ ಲಾಮಾ ಹನ್ನೊಂದನೆಯ ಪಂಚೆನ್ ಎಂದು ಗುರುತಿಸಿದರು. ಮೂರನೆಯ ದಿನ ಚೀನೀ ಅಧಿಕಾರಿಗಳು ಅವನನ್ನು ಕುಟುಂಬ ಸಮೇತ ಕರೆದೊಯ್ದರು. ಆಮೇಲೆ ಆತ ಜನರ ಕಣ್ಣಿಗೆ ಬಿದ್ದಿಲ್ಲ.

ಇಷ್ಟೆಲ್ಲ ಕಟ್ಟಿದವರು ಕಾನೂನಿನ ಕಣ್ಣಿನಲ್ಲಿ ಯಾರು? ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಮಾಡಿಲ್ಲ. ಹಾಗಾಗಿ ಟಿಬೆಟನ್ನರು ಕಾಗದದಲ್ಲಿ ವಿದೇಶಿಗಳು. ಆಗಾಗ ನವೀಕರಿಸಬೇಕಾದ ನೋಂದಣಿ ಪತ್ರ, ಹೊರದೇಶಕ್ಕೆ ಹೋಗಲು ಹಳದಿ ಬಣ್ಣದ ಗುರುತಿನ ಪುಸ್ತಕ, ಹೆಸರಿಗೆ ಬರೆಸಿಕೊಳ್ಳಲಾಗದ ಜಮೀನು. ಇದೇ ಜನರ ಗಂಡುಮಕ್ಕಳು 1962ರ ಯುದ್ಧದ ನಂತರ ಚಕ್ರಾತಾದಲ್ಲಿ ಕಟ್ಟಿದ ವಿಶೇಷ ಗಡಿಪಡೆ ಸೇರಿ, 1971ರಲ್ಲಿ ಚಿತ್ತಗಾಂಗಿನ ಗುಡ್ಡಗಳಲ್ಲಿ ಭಾರತಕ್ಕಾಗಿ ಹೋರಾಡಿ ಸತ್ತಿದ್ದಾರೆ. ಗುಟ್ಟಿನ ಪಡೆಯಾದ್ದರಿಂದ ಅವರ ಸಾವೂ ಗುಟ್ಟಾಗಿಯೇ ಉಳಿಯಿತು.

2013ರ ಆಗಸ್ಟಿನಲ್ಲಿ, ಲಿಂಗ್ ರಿಂಪೋಚೆ ಸಲ್ಲಿಸಿದ್ದ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಒಂದು ಗಂಟು ಬಿಚ್ಚಿತು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಎಂದಿತು. ಮರುವರ್ಷ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಅಣ್ಣ ಪ್ರಜೆ, 1987ರ ಜುಲೈ ನಂತರ ಹುಟ್ಟಿದ ತಂಗಿ ವಿದೇಶಿ ಎಂಬ ಮನೆಗಳು ಇದರಿಂದ ಹುಟ್ಟಿಕೊಂಡವು. ಪಾಸ್‌ಪೋರ್ಟ್ ಬೇಕೆಂದರೆ ನೋಂದಣಿ ಪತ್ರ ಒಪ್ಪಿಸಬೇಕು, ಶಿಬಿರದಲ್ಲಿ ವಾಸಿಸಬಾರದು, ನಿರಾಶ್ರಿತರ ಸೌಲಭ್ಯ ಬಿಡಬೇಕು ಎಂಬ ಷರತ್ತುಗಳು 2017ರಲ್ಲಿ ಬಂದವು. ಅರ್ಹತೆಯಿದ್ದೂ ಬಹಳ ಮಂದಿ ಅರ್ಜಿ ಹಾಕಲಿಲ್ಲ. ಕಾರಣ ಸೌಲಭ್ಯವೊಂದೇ ಅಲ್ಲ. ಎಲ್ಲರೂ ಭಾರತೀಯರಾಗಿಬಿಟ್ಟರೆ ಟಿಬೆಟ್ಟಿನ ಪರವಾಗಿ ಕೇಳುವವರು ಯಾರು ಎಂಬ ಪ್ರಶ್ನೆ ಹಿರಿಯರನ್ನು ಕಾಡುತ್ತದೆ. ಕಿರಿಯರಿಗೆ ಬೇಕಾದದ್ದು ಬ್ಯಾಂಕ್ ಸಾಲ, ಸರ್ಕಾರಿ ನೌಕರಿ, ತಕರಾರಿಲ್ಲದ ವೀಸಾ. ಎರಡೂ ನ್ಯಾಯವೇ.

ಹೀಗಾಗಿ ಕಿರಿಯರು ಹೊರಟುಹೋಗುತ್ತಿದ್ದಾರೆ. ಸ್ವಿಟ್ಜರ್‌ಲೆಂಡ್ 1963ರಲ್ಲೇ 1,000 ಟಿಬೆಟನ್ನರಿಗೆ ಬಾಗಿಲು ತೆರೆದಿತ್ತು. ಅಮೆರಿಕ 1990ರ ಕಾಯ್ದೆಯಲ್ಲಿ ಅಷ್ಟೇ ವೀಸಾ ಕೊಟ್ಟಿತು. ಮೊದಲು ಹೋದವರ ಹಿಂದೆ ನೆಂಟರಿಷ್ಟರು ಹೋದರು. ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್, ಟೊರಾಂಟೊದ ಪಾರ್ಕ್‌ಡೇಲ್ ಈಗ ಶಿಬಿರದವರ ಮಾತಿನಲ್ಲಿ ಕುಶಾಲನಗರದಷ್ಟೇ ಹತ್ತಿರದ ಹೆಸರುಗಳು. 2009ರ ಗಣತಿಯಲ್ಲಿ ಭಾರತದಲ್ಲಿದ್ದ ಟಿಬೆಟನ್ನರು 94,203. ಆ ಸಂಖ್ಯೆ ಆಮೇಲೆ ಇಳಿಯುತ್ತಲೇ ಬಂದಿದೆ. 2008ರ ನಂತರ ಟಿಬೆಟ್ಟಿನಿಂದ ಗಡಿ ದಾಟಿ ಬರುವವರೂ ಬಹುಮಟ್ಟಿಗೆ ನಿಂತುಹೋದರು. ಮಠಗಳ ಹೊಸ ವಟುಗಳಲ್ಲಿ ಲಡಾಖ್, ಅರುಣಾಚಲ, ನೇಪಾಳ, ಭೂತಾನದ ಹುಡುಗರೇ ಹೆಚ್ಚು. ಶಾಲೆಗಳಲ್ಲಿ ಮಕ್ಕಳು ಕಡಿಮೆ. ಹೊಲಗಳಲ್ಲಿ ದುಡಿಯುವವರು ಹೆಚ್ಚಾಗಿ ಸುತ್ತಲ ಹಳ್ಳಿಯವರು.

2025ರ ಜನವರಿ 5ರಂದು ದಲೈ ಲಾಮಾ ಬೈಲಕುಪ್ಪೆಯ ಟಾಶಿ ಲ್ಹುನ್ಪೊಗೆ ಬಂದಿಳಿದರು. ಎರಡೇ ದಿನದಲ್ಲಿ ಟಿಬೆಟ್ಟಿನ ಡಿಂಗ್ರಿಯಲ್ಲಿ ಭೂಕಂಪವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಡಿಂಗ್ರಿ ಇರುವುದು ಶಿಗಾತ್ಸೆ ಸೀಮೆಯಲ್ಲಿ, ಅಂದರೆ ಮೂಲ ಟಾಶಿ ಲ್ಹುನ್ಪೊದ ನೆರೆಯಲ್ಲಿ. ಸತ್ತವರಿಗಾಗಿ ಇಲ್ಲಿ ಸಾಮೂಹಿಕ ಪ್ರಾರ್ಥನೆ ನಡೆಯಿತು. ತಮ್ಮ ಕಣ್ಣಾರೆ ಆ ಊರನ್ನು ಕಾಣದವರೇ ಅಲ್ಲಿ ಹೆಚ್ಚಿದ್ದರು. ಅದೇ ವರ್ಷದ ಜುಲೈ 2ರಂದು, ತೊಂಬತ್ತು ತುಂಬುವ ನಾಲ್ಕು ದಿನ ಮುಂಚೆ, ದಲೈ ಲಾಮಾ ಪರಂಪರೆ ಮುಂದುವರಿಯುತ್ತದೆ, ಮುಂದಿನವರನ್ನು ಗುರುತಿಸುವ ಅಧಿಕಾರ ತಮ್ಮ ಗಾದೆನ್ ಫೋಡ್ರಂಗ್ ಟ್ರಸ್ಟಿನದು ಎಂದು ಅವರು ಸಾರಿದರು. ಬೀಜಿಂಗ್ ಒಪ್ಪಲಿಲ್ಲ. ಆ ದಿನ ಬಂದಾಗ ಜಗಳದ ಒಂದು ಕೇಂದ್ರ ಬೈಲಕುಪ್ಪೆಯ ಮಠಗಳೂ ಆಗುತ್ತವೆ.

1960ರಲ್ಲಿ ಕಾಡು ಕಡಿದವರಲ್ಲಿ ಉಳಿದಿರುವವರಿಗೆ ಈಗ ಎಂಬತ್ತು ದಾಟಿದೆ. ಅವರಿಗೆ ಜೋಳ ಬಿತ್ತಲು ಕಲಿಸಿದ, ಅವರ ಜೊತೆ ಕೂಲಿ ಮಾಡಿದ ಪಿರಿಯಾಪಟ್ಟಣ, ಹುಣಸೂರು ಸೀಮೆಯ ನಮ್ಮ ಹಿರಿಯರಿಗೂ ಅಷ್ಟೇ ವಯಸ್ಸು. ಮೈಸೂರಿನ ವಿಶ್ವವಿದ್ಯಾಲಯದವರು, ಇತಿಹಾಸದ ಮೇಷ್ಟ್ರುಗಳು, ತಾಲ್ಲೂಕು ಸಾಹಿತ್ಯ ಪರಿಷತ್ತುಗಳು ಒಂದು ರೆಕಾರ್ಡರ್ ಹಿಡಿದುಕೊಂಡು ಈ ಇಬ್ಬರ ಮನೆಗೂ ಹೋಗಬೇಕು. ಇನ್ನು ಐದು ವರ್ಷ ತಡಮಾಡಿದರೆ ಹೇಳುವವರು ಇರುವುದಿಲ್ಲ.